ಮಾವನ ಬಸವನಹುಳು

ಸಂಶೋಧನಾ ಪ್ರಬಂಧ ಒಪ್ಪಿಗೆಯಾಗಿದೆ ಎಂಬ ವಿದೇಶಿ ಪತ್ರಿಕೆಯ ಮೇಲ್ ನೋಡಿದ್ದೇ ತಡ, ಬಸವನಹುಳು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕುರ್ಚಿ ಬಿಟ್ಟು ಎದ್ದೇಬಿಟ್ಟರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಇವರು ವರ್ಷಗಟ್ಟಲೆ ತೋಟ, ಚರಂಡಿ ಎನ್ನದೆ ಮೊಣಕಾಲೂರಿ ಬಸವನಹುಳುಗಳ ಹಿಂದೆ ಬಿದ್ದು ಆ ಹೆಸರು ಸಂಪಾದಿಸಿದ್ದರು. ಆದರೆ ಕೆಲಸ ಮಾತ್ರ ಇನ್ನೂ ಖಾಯಂ ಆಗಿರಲಿಲ್ಲ. ಅದರ ಸಂದರ್ಶನ ಇವತ್ತೇ ಸಂಜೆ. ವಿದೇಶಿ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟವಾಗದವರನ್ನು ಒಳಗೇ ಬಿಡುವುದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿಯಾಗಿತ್ತು.

ಪ್ರಕಟಣಾ ಶುಲ್ಕ ಕಟ್ಟಿದ ಗಳಿಗೆಯಲ್ಲೇ ಪ್ರಬಂಧ ಹೊರಬರುತ್ತದೆ ಎಂದು ಮೇಲ್‌ನ ಕೊನೆಯಲ್ಲಿತ್ತು. ಮೊತ್ತ ಇಣುಕಿ ನೋಡಿದ ಕೆಮಿಸ್ಟ್ರಿ ಮೇಡಂ ಎದೆ ಹಿಡಿದುಕೊಂಡರು.

"ಅಯ್ಯೋ, ಅರ್ಧ ವರ್ಷದ ಸಂಬಳ ಅಲ್ವಾ ಸಾರ್! ಒದ್ದಾಡಿ ಬರೆದೋರು ನೀವು, ದುಡ್ಡು ಮಾತ್ರ ಅವರಿಗಾ?"

"ಗಾಬರಿ ಆಗ್ಬೇಡಿ ಮೇಡಂ. ಬಡ ದೇಶದೋರಿಗೆ ಪೂರ್ತಿ ಮಾಫಿ ಇದೆ. ಒಂದು ಮೇಲ್ ಹಾಕಿದ್ರೆ ಮುಗೀತು!" ಮೇಷ್ಟ್ರು ಮತ್ತೆ ಕೂತು ಕಾಲ ಮೇಲೆ ಕಾಲು ಹಾಕಿದರು.

ಚಹಾ ಆರುವ ಮೊದಲೇ ಉತ್ತರ ಬಂತು. ನಿಮ್ಮ ದೇಶ ಕಳೆದ ತಿಂಗಳಷ್ಟೇ ಬಡ ದೇಶಗಳ ಪಟ್ಟಿಯಿಂದ ಮೇಲೇರಿದೆ, ಅಭಿನಂದನೆಗಳು, ಮಾಫಿ ಇಲ್ಲ. ದೇಶ ಮೇಲೇರುವಾಗ ಮೇಷ್ಟ್ರಿಗೆ ಒಂದು ಮಾತು ತಿಳಿಸಿರಲಿಲ್ಲ, ಅಷ್ಟೆ.

"ನಾವೆಲ್ಲ ಇಲ್ವಾ ಸಾರ್? ಕೈಲಾದ್ದು ಹಾಕ್ತೀವಿ," ಎಂದರು ಮೇಡಂ. "ಆದ್ರೆ ನನ್ನ ಹೆಸರೂ ಸೇರಿಸ್ಬಿಡಿ. ನನಗೂ ಬಡ್ತಿ ಬರ್ಬೇಕಲ್ಲ!"

ಸುದ್ದಿ ಹಬ್ಬಿ ಅಕೌಂಟ್ಸ್ ಗುಮಾಸ್ತರೂ ಬಂದರು. "ಲೆಕ್ಕದೋನು ಒಬ್ಬ ಇರ್ಲಿ ಸಾರ್. ಹುಳ ಎಣಿಸ್ದೋರು ಯಾರು ಅಂತ ಕೇಳಿದ್ರೆ?"

ಹೆಸರು ಸೇರಿಸಬಹುದೇ ಎಂದು ಪತ್ರಿಕೆಯವರನ್ನು ಕೇಳಿದರೆ, ಧಾರಾಳವಾಗಿ ಸೇರಿಸಿ, ಶುಲ್ಕ ಬಂದರೆ ಸಾಕು ಎಂದರು. ಇಷ್ಟಾದರೂ ಅರ್ಧ ಮೊತ್ತವೂ ಕೂಡಲಿಲ್ಲ. ಮೇಷ್ಟ್ರು ಹಾಸಿಗೆ ಅಂಗಡಿ ಇಟ್ಟಿದ್ದ ಹೆಣ್ಣುಕೊಟ್ಟ ಮಾವನ ಹತ್ತಿರ ಓಡಿದರು.

"ಹುಳ ಹಿಡಿದ್ರೆ ಹೊಟ್ಟೆ ತುಂಬುತ್ತಾ ಅಳಿಯಂದ್ರೇ ಅಂತ ಅವತ್ತೇ ಕೇಳಿದ್ದೆ," ಎಂದರು ಮಾವ ದಿಂಬು ತಟ್ಟುತ್ತಾ. "ಇರ್ಲಿ, ಕೊಡ್ತೀನಿ. ಆದ್ರೆ ನನ್ನ ಹೆಸರು ಮೊದ್ಲು ಬರ್ಬೇಕು. ಬಂಡವಾಳ ಹಾಕಿದೋನು ನಾನು ತಾನೆ?"

ಹೆಸರು ಎಲ್ಲಿದ್ದರೇನು, ಹುಳು ನನ್ನದು ಎಂದುಕೊಂಡ ಮೇಷ್ಟ್ರು, ಮಾವನ ಹೆಸರಿನ ಮುಂದೆ 'ಸ್ವತಂತ್ರ ಸಂಶೋಧಕರು' ಎಂದು ಬರೆದು ಹಣ ಕಟ್ಟಿಯೇಬಿಟ್ಟರು. ಪ್ರಬಂಧ ಹೊರಬಂತು. ತಮ್ಮ ಹೆಸರು ನೋಡಿದ ಮಾವ ಅಂಗಡಿಗೆ ಬೀಗ ಜಡಿದು, ಕೋಟು ಹಾಕಿಕೊಂಡು ಕಾಲೇಜಿಗೂ ಬಂದರು.

ಅಲ್ಲಿ ಪ್ರಿನ್ಸಿಪಾಲರು ತಲೆ ಕೆರೆದುಕೊಳ್ಳುತ್ತಿದ್ದರು. ಸಂದರ್ಶನಕ್ಕೆ ಹೊರಗಿನಿಂದ ಬರಬೇಕಿದ್ದ ವಿಷಯತಜ್ಞರು ರೈಲು ತಪ್ಪಿಸಿಕೊಂಡಿದ್ದರು. ಮೇಷ್ಟ್ರು ನೀಡಿದ ಪ್ರಬಂಧದ ಮೊದಲ ಹೆಸರಿನ ಮೇಲೆ ಪ್ರಿನ್ಸಿಪಾಲರ ಕಣ್ಣು ಬಿತ್ತು.

"ಯಾರ್ರೀ ಇವರು?"

"ಹೊರಗೇ ಕೂತಿದ್ದಾರೆ ಸಾರ್…" ಮಾವ ಎಂಬ ಮಾತು ಬಾಯಿಗೆ ಬಂದದ್ದನ್ನು ಮೇಷ್ಟ್ರು ಅಲ್ಲೇ ನುಂಗಿದರು.

"ದೇವರು ಬಂದ ಹಾಗೆ ಬಂದ್ರಲ್ರೀ!" ಪ್ರಿನ್ಸಿಪಾಲರು ಓಡಿಹೋಗಿ ಮಾವನನ್ನು ಕೈಹಿಡಿದು ಕರೆತಂದು, ಆಯ್ಕೆ ನಿಮ್ಮದೇ ಎಂದು ತಜ್ಞರ ಕುರ್ಚಿಯಲ್ಲಿ ಕೂರಿಸಿದರು.

ಇದ್ದದ್ದು ಒಂದೇ ಹುದ್ದೆ. ಎದುರಾಳಿ, ಕಪ್ಪೆಗಳ ಮೇಲೆ ಸಂಶೋಧನೆ ಮಾಡಿದ ಒಬ್ಬ ಹುಡುಗಿ. ಪಾಪ, ಇವಳು ಸುಮ್ಮನೆ ಬಂದಳಲ್ಲ ಎಂದು ಮೇಷ್ಟ್ರಿಗೆ ಕನಿಕರವೇ ಆಯಿತು. ಮಾವ ಕನ್ನಡಕ ಏರಿಸಿ, "ಬಸವನಹುಳು ಮಲಗೋದು ಹೇಗ್ರೀ?" ಎಂದು ಗಂಭೀರವಾಗಿ ಕೇಳಿದರು. ಮೇಷ್ಟ್ರು ಅರಳು ಹುರಿದಂತೆ ಉತ್ತರಿಸಿದರು. ಮಾವ ಪ್ರತಿ ಮಾತಿಗೂ ತಲೆಯಾಡಿಸಿದರು.

ಇಬ್ಬರ ಸಂದರ್ಶನವೂ ಮುಗಿದ ಮೇಲೆ ಬಾಗಿಲು ತೆರೆದು ಹೊರಬಂದ ಮಾವನ ಕಣ್ಣಲ್ಲಿ ನೀರಿತ್ತು. ಅವರು ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟರು.

"ಒಂದೂ ತಪ್ಪಿಲ್ಲ ಅಳಿಯಂದ್ರೇ! ಮಗಳನ್ನ ಕೊಟ್ಟಿದ್ದು ಸಾರ್ಥಕ ಆಯ್ತು."

"ಹಾಗಾದ್ರೆ ಕೆಲ್ಸ ಆದ ಹಾಗೇ ಅಲ್ವಾ ಮಾವ?"

"ಅದನ್ನ ಆ ಕಪ್ಪೆ ಹುಡುಗಿಗೆ ಕೊಟ್ಟೆ," ಎಂದರು ಮಾವ ಕೋಟು ಸರಿಪಡಿಸಿಕೊಳ್ಳುತ್ತಾ. "ಸ್ವಂತ ಅಳಿಯನ್ನೇ ಆರಿಸಿದೆ ಅಂತ ನಾಳೆ ನಾಲ್ಕು ಜನ ಆಡ್ಕೊಂಡ್ರೆ, ನಮ್ಮಂಥ ಸಂಶೋಧಕರ ಮರ್ಯಾದೆ ಏನಾಗ್ಬೇಕು ಹೇಳಿ?"