ಊರಬಾಗಿಲು ಉಳಿಸಲು ಸಂಗೀತ ಕಛೇರಿ

ಜನ ವಿರೋಧಿಸುವ ಕೆಲಸವನ್ನು ಹಟ ಹಿಡಿದಾದರೂ ಮಾಡಿ ಮುಗಿಸಬಹುದು. ಅದೇ ಕೆಲಸವನ್ನು ಜನ ಪ್ರೀತಿಯಿಂದ ತಮ್ಮ ಕೈಗೆ ತೆಗೆದುಕೊಂಡರೆ ಮುಗಿಯಿತು, ಆಮೇಲೆ ದೇವರೇ ಗತಿ. ಇದನ್ನು ನಾನು ಯಾವ ಗ್ರಂಥದಲ್ಲೂ ಓದಿದ್ದಲ್ಲ, ಮೈಮೇಲೆ ಹಾಕಿಕೊಂಡು ಕಲಿತದ್ದು. ಇವತ್ತಿಗೂ ನನ್ನ ಭಾಷಣಕ್ಕೆ ಯಾರಾದರೂ ಮನಸಾರೆ ಚಪ್ಪಾಳೆ ತಟ್ಟಿದರೆ ಎದೆ ಧಸಕ್ಕೆನ್ನುತ್ತದೆ. ಆಕಳಿಸುವವರನ್ನು ಕಂಡರೇ ನನಗೆ ಸಮಾಧಾನ. ಅವರಿಂದ ಯಾವ ಅಪಾಯವೂ ಇಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಊರಿನ ಹೆಸರು ಬೇಡ. ಅಲ್ಲಿಯ ಜನ ಈಗಲೂ ನನ್ನನ್ನು ಕಂಡರೆ ನಿಲ್ಲಿಸಿ ಎಳನೀರು ಕೆತ್ತಿಕೊಡುತ್ತಾರೆ, ಅವರನ್ನು ಆಡಿಕೊಂಡ ಪಾಪ ನನಗೇಕೆ? ಸುತ್ತ ತೆಂಗಿನ ತೋಟ, ನಡುವೆ ಪಾಳೆಯಗಾರರ ಕಾಲದ ಹಳೇ ಊರು. ಒಂದೇ ಉದ್ದನೆಯ ಬೀದಿ, ಎರಡೂ ಕಡೆ ಒಂದೇ ಎತ್ತರದ ಕಲ್ಲಿನ ಜಗಲಿಗಳು, ಬೀದಿಯ ಕೊನೆಗೆ ಕಲ್ಯಾಣಿ. ಬೀದಿಯ ಮೊದಲಿಗೆ ಊರಬಾಗಿಲು. ಎರಡು ಪಕ್ಕದಲ್ಲೂ ಕಲ್ಲಿನ ಮಂಟಪ, ಒಳಗೆ ಕಾವಲುಗಾರರು ಕೂರುತ್ತಿದ್ದ ಕಟ್ಟೆ, ಹೊರಗೆ ಮೀಸೆ ತಿರುವಿದ ಇಬ್ಬರು ಕಲ್ಲಿನ ದ್ವಾರಪಾಲಕರು. ಮಧ್ಯಾಹ್ನದ ಬಿಸಿಲಿನಲ್ಲಿ ಆ ಬಾಗಿಲ ಕೆಳಗೆ ನಿಂತರೆ ತಣ್ಣನೆಯ ಗಾಳಿ ಬೀಸುತ್ತಿತ್ತು. ಆ ಗಾಳಿಗೆ ಮರುಳಾಗಿಯೇ ನಾನು ವರ್ಗಾವಣೆ ಕೇಳದೆ ಉಳಿದುಕೊಂಡೆ.

ಬಾಗಿಲು ಕಿರಿದು. ಎತ್ತಿನಗಾಡಿ ಹೋಗುತ್ತಿತ್ತು, ಬಸ್ಸು ಹೋಗುತ್ತಿರಲಿಲ್ಲ. ತಿಪಟೂರಿನ ಬಸ್ಸು ಹೊರಗಡೆಯೇ ಜನರನ್ನು ಇಳಿಸಿ ಧೂಳೆಬ್ಬಿಸಿ ಹೋಗುತ್ತಿತ್ತು. ಒಂದು ದಿನ ಯಾರೋ ಟೇಪು ಹಿಡಿದು ಬಂದು ಬಾಗಿಲನ್ನು ಅಳೆದು, ಇದನ್ನು ಕೆಡವಿದರೆ ಬಸ್ಸು ಊರೊಳಕ್ಕೆ ಬರುತ್ತದೆ ಎಂದು ಹೇಳಿ ಹೋದರು. ನನಗೆ ಅನ್ನ ಸೇರಲಿಲ್ಲ. ಮನೆಯಲ್ಲಿ ಹೇಳಿಕೊಂಡೆ. ನನ್ನ ಹೆಂಡತಿ ಗಿರಿಜೆ ಮಾಯಸಂದ್ರದ ಕಡೆಯವಳು, ಮಾತಿನಲ್ಲಿ ದಾಕ್ಷಿಣ್ಯವಿಲ್ಲ. "ಬಸ್ಸಿಳ್ದು ಸಂತೆ ಗಂಟು ಹೊತ್ಕೊಂಡು, ಮಗು ಎತ್ಕೊಂಡು ಆ ಬಾಗ್ಲಲ್ಲಿ ನಡ್ಯೋರ್ನ ಕೇಳಿ ರೀ. ನೀವು ಪದ್ಯ ಹೇಳ್ಕೊಂಡು ಕೈಬೀಸ್ಕೊಂಡು ಬತ್ತೀರಿ, ನಿಮಗೇನು?" ಎಂದಳು. ಹೆಂಡತಿಯ ಮಾತಿನಿಂದ ಹಿಂದೆ ಸರಿದರೆ ಅವನೆಂಥ ಹೋರಾಟಗಾರ? ಶಾಲೆಯ ಅಂಗಳದಲ್ಲಿ ಸಭೆ ಕರೆದು ಮಾತಾಡಿದೆ. ನಮ್ಮ ಅಜ್ಜಂದಿರ ಹೆಗಲು ತಾಗಿ ನುಣುಪಾದ ಕಲ್ಲು ಎಂದೆ. ಹೆಂಗಸರು ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು. ಅನಿಷ್ಟ ಶುರುವಾದದ್ದು ಅಲ್ಲಿಂದ.

ಚಪ್ಪಾಳೆ ಜೋರಾಗಿ ತಟ್ಟಿದವರು ಕೊಬ್ಬರಿ ವ್ಯಾಪಾರದ ರುದ್ರಪ್ಪನವರು. ಅವರ ಲಾರಿ ಬಾಗಿಲ ಹೊರಗೇ ನಿಂತು, ಮೂಟೆಗಳು ತಲೆಯ ಮೇಲೆ ಹೋಗಬೇಕಾಗಿತ್ತು. ನನ್ನ ಮೊದಲ ಶತ್ರು ಅವರೇ ಎಂದು ಎಣಿಸಿದ್ದೆ. ಅವರೋ ಎದ್ದು ನಿಂತು, "ಮೇಷ್ಟ್ರು ನಮ್ ಕಣ್ ತೆರಸವ್ರೆ. ನಮ್ಮೂರು ಉಳೀಬೇಕು ಕಣ್ರಪ್ಪೋ!" ಎಂದರು. ಸಮಿತಿ ಆಯಿತು. ಅವರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಊರಬಾಗಿಲ ಮುಂದೆ ಹುಡುಗರ ಕೋಲಾಟವಾಯಿತು, ಹೆಂಗಸರ ಸೋಬಾನೆಯಾಯಿತು, ಸುತ್ತಲ ಊರುಗಳ ಭಜನೆ ಮೇಳಗಳು ಬಂದವು. ಅಕ್ಕಪಕ್ಕದ ಹಳ್ಳಿಗಳಲ್ಲಿ ನಮ್ಮೂರಿನದೇ ಮಾತು. ಬಾಗಿಲು ಉಳಿದೇಬಿಟ್ಟಿತು ಎಂದುಕೊಂಡು ನಾನು ತೃಪ್ತಿಯಿಂದ ಒಂದು ಸುತ್ತು ದಪ್ಪಗಾದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಕೆಡುತ್ತಿರಲಿಲ್ಲ. ಕಿರೀಟವಿಟ್ಟ ಹಾಗೆ ಒಂದು ದೊಡ್ಡ ಸಂಗೀತ ಕಛೇರಿ ಆಗಲಿ ಎಂದೆ. ಮೈಸೂರಿನ ಒಬ್ಬ ಹಿರಿಯ ವಿದ್ವಾಂಸರು ಬರಲು ಒಪ್ಪಿದರು. ಊರಿಗೆ ಊರೇ ಹುಚ್ಚೆದ್ದಿತು. ಕಛೇರಿಯ ಹಿಂದಿನ ದಿನ ನಾನು ತಿಪಟೂರಿಗೆ ಹೋಗಿ ಧ್ವನಿವರ್ಧಕಕ್ಕೆ ಹೇಳಿಬರುವಷ್ಟರಲ್ಲಿ ಬಾಗಿಲಿಗೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆದಿದ್ದರು. ದ್ವಾರಪಾಲಕರ ಮೀಸೆಗೆ ಕಪ್ಪು ಪೇಂಟು, ತುಟಿಗೆ ಕೆಂಪು, ಧೋತರಕ್ಕೆ ಎಣ್ಣೆಹಚ್ಚಿದಂತೆ ಹೊಳೆಯುವ ಹಸಿರು. "ಎಂಗೈತೆ ಮೇಷ್ಟ್ರೇ? ಈಗ ಜೀವ ಬಂದಂಗಿಲ್ವಾ?" ಎಂದು ರುದ್ರಪ್ಪನವರು ಮಗುವಿನಂತೆ ನಿಂತಿದ್ದರು. ಅವರ ಪಂಚೆಯ ಮೇಲೂ ಹಸಿರು ಬಣ್ಣ. ಅವರೇ ಬಳಿದಿದ್ದರು. ನಾನು ಬಂದೈತೆ ಎಂದೆ. ನನ್ನದು ಹೋಗಿತ್ತು.

ವಿದ್ವಾಂಸರು ಬಸ್ಸಿನಿಂದ ಇಳಿದರು. ವಯಸ್ಸಾದವರು, ಭಾರೀ ಶರೀರ, ಮಂಡಿನೋವು. ಗಾಡಿ ಕಟ್ಟಿಸುತ್ತೇವೆಂದರೆ ಒಪ್ಪದೆ ಒಂದೊಂದೇ ಹೆಜ್ಜೆ ಇಟ್ಟು ಊರಬಾಗಿಲ ಕಟ್ಟೆಯ ಮೇಲೆ ಕೂತು ಬೆವರೊರೆಸಿಕೊಂಡರು. ಕಲ್ಯಾಣಿಯ ಪಕ್ಕದ ಚಪ್ಪರಕ್ಕೆ ಹೋಗುವಷ್ಟರಲ್ಲಿ ಇನ್ನೂ ಹಲವು ಜಗಲಿಗಳ ಮೇಲೆ ಕೂತು ಎದ್ದರು. ಅವರು ತಂಬೂರಿ ಶ್ರುತಿ ಮಾಡುವಾಗ ಪಕ್ಕದಲ್ಲಿ ಕೂತು ಈ ಕಛೇರಿಯ ಉದ್ದೇಶವನ್ನೆಲ್ಲ ವಿವರಿಸಿದೆ. ಅವರು ತಲೆದೂಗಿದರು. ಅದು ತಂಬೂರಿಗೆ ತೂಗಿದ ತಲೆ ಎಂದು ನನಗೆ ಆಮೇಲೆ ಗೊತ್ತಾಯಿತು.

ಹಾಡಿದ್ದನ್ನು ಏನೆಂದು ಹೇಳಲಿ! ಸಂಜೆಗೆಂಪು ಕಲ್ಯಾಣಿಯ ನೀರಿನಲ್ಲಿತ್ತು. ಸಂಗೀತದ ಗಂಧವಿಲ್ಲದ ಜನ ಉಸಿರು ಬಿಗಿಹಿಡಿದು ಕೂತಿದ್ದರು. ಗಿರಿಜೆ ಮಡಿಲಿನ ಮಗುವನ್ನು ತಟ್ಟುವುದನ್ನು ಮರೆತಿದ್ದಳು, ಮಗು ಅಳುವುದನ್ನು ಮರೆತಿತ್ತು. ರುದ್ರಪ್ಪನವರ ಕೆನ್ನೆಯ ಮೇಲೆ ನೀರು ಹರಿದು ವಿಭೂತಿಯೆಲ್ಲ ಗೆರೆಗೆರೆಯಾಗಿತ್ತು. ಈ ಊರು ಇನ್ನು ಸಾವಿರ ವರ್ಷ ಹೀಗೇ ಇರುತ್ತದೆ ಎಂದು ನನಗೆ ನಿಜವಾಗಿಯೂ ಅನ್ನಿಸಿದ್ದು ಆಗ ಮಾತ್ರ.

ಮಂಗಳ ಹಾಡಿ ವಿದ್ವಾಂಸರು ಕೈಮುಗಿದರು. "ಇಂಥ ಶ್ರೋತೃಗಳನ್ನ ನಾನು ಪಟ್ಟಣದಲ್ಲೂ ಕಾಣಲಿಲ್ಲ. ಸಂಭಾವನೆ ಬೇಡ, ವರ್ಷ ವರ್ಷವೂ ಬಂದು ಹಾಡ್ತೀನಿ. ಒಂದು ಬಸ್ಸು ಈ ಚಪ್ಪರದ ತನಕ ಬರೋ ಹಾಗಿದ್ರೆ ನನ್ನ ಮಂಡಿಗಳೂ ನಿಮಗೆ ಆಶೀರ್ವಾದ ಮಾಡ್ತಾವೆ," ಎಂದು ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ. ವಂದನಾರ್ಪಣೆಯಲ್ಲಿ, ಮಹಾನುಭಾವರ ಮಾತನ್ನು ನಮ್ಮೂರು ಎಂದೂ ಮರೆಯುವುದಿಲ್ಲ ಎಂದೂ ಸೇರಿಸಿದೆ. ಮತ್ತೆ ಚಪ್ಪಾಳೆ.

ಬೆಳಿಗ್ಗೆ ಹಾರೆಯ ಸದ್ದಿಗೆ ಎಚ್ಚರವಾಯಿತು. ಓಡಿದೆ. ಊರಬಾಗಿಲಿಗೆ ಮಾವಿನ ತೋರಣ ಕಟ್ಟಿ, ದ್ವಾರಪಾಲಕರಿಗೆ ಹಾರ ಹಾಕಿ, ಅರಿಶಿನ ಕುಂಕುಮ ಇಟ್ಟು, ಅರ್ಧ ಊರು ಮಿಂದು ಮಡಿಯುಟ್ಟು ನಿಂತಿತ್ತು. ಮೇಲೆ ಹತ್ತಿದವರು ಆಗಲೇ ತೊಲೆಗಲ್ಲನ್ನು ಸಡಿಲಿಸುತ್ತಿದ್ದರು.

"ಏನ್ರೀ ಇದು ರುದ್ರಪ್ಪನವರೇ! ಇದನ್ನ ಉಳಿಸೋದಕ್ಕೇ ಅಲ್ವೇ ನಾವು ಕಛೇರಿ ಮಾಡ್ಸಿದ್ದು?"

"ಅಯ್ಯೋ, ಅಂಥ ದೊಡ್ಡೋರು ಬಾಯಿಬುಟ್ಟು ಕೇಳವ್ರೆ ಕಣ್ರೀ. ನೀವೇ ಮರ್ಯೋದಿಲ್ಲ ಅಂತ ಮಾತು ಕೊಟ್ರಿ."

"ಬಾಗಿಲು ಹೋದರೆ ಊರಿಗೆ ಏನು ಉಳೀತು?"

ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. "ಬಾಗ್ಲು ಇರೋದು ಯಾಕ್ ಯೋಳಿ ಮೇಷ್ಟ್ರೇ? ಬರೋರು ಒಳೀಕೆ ಬರ್ಲಿ ಅಂತ. ಬರೋರಿಗೇ ಅಡ್ಡ ನಿಂತ್ರೆ ಅದು ಗ್ವಾಡೆ. ಬುಡಿ, ನೀವು ಬ್ಯಾಸರ ಮಾಡ್ಕಬ್ಯಾಡಿ. ಮೊದಲ್ನೇ ಕಾಯಿ ನೀವೇ ಒಡೀಬೇಕು."

ಜನ ದಾರಿ ಬಿಟ್ಟು ನಿಂತರು. ಯಾರೋ ಕೈಗೆ ಕಾಯಿ ಕೊಟ್ಟರು. ಒಡೆಯದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡು ಹಗುರವಾಗಿ ಕುಕ್ಕಿದೆ. ತುರುವೇಕೆರೆ ಸೀಮೆಯ ಕಾಯಿ, ಸರಿಯಾಗಿ ಎರಡು ಹೋಳಾಯಿತು. ಶುಭವಾಯಿತೆಂದು ಹೆಂಗಸರು ಆರತಿ ಎತ್ತಿದರು.

ಮಧ್ಯಾಹ್ನಕ್ಕೆ ಬಾಗಿಲಿರಲಿಲ್ಲ. ತೊಲೆಗಲ್ಲು ಚರಂಡಿಗೆ ಸೇತುವೆಯಾಯಿತು. ಕಾವಲುಗಾರರ ಕಟ್ಟೆ ಬಟ್ಟೆ ಒಗೆಯುವ ಕಲ್ಲಾಯಿತು. ದ್ವಾರಪಾಲಕರನ್ನು ರುದ್ರಪ್ಪನವರು ಜೋಪಾನವಾಗಿ ಕೊಬ್ಬರಿ ಮಂಡಿಯೊಳಗೆ ಒರಗಿಸಿದರು. ಬಸ್ಸು ತಿರುಗಲು ಜಾಗ ಸಾಲದೆ ಜಗಲಿಗಳೂ ಒಂದೊಂದಾಗಿ ಹೋದವು, ಅವುಗಳಿಗೂ ಪೂಜೆ ಆಯಿತು. ವಿದ್ವಾಂಸರು ಮಾತ್ರ ಮತ್ತೆ ಬರಲಿಲ್ಲ. ಮಂಡಿ ಪೂರ್ತಿ ಹಿಡಿದುಕೊಂಡು, ಮನೆ ಬಿಟ್ಟು ಹೊರಡುವುದನ್ನೇ ನಿಲ್ಲಿಸಿದರಂತೆ.

ನಾನು ಪ್ರತಿಭಟನೆಗೆ ನಿಂತೆ. ಬಸ್ಸು ಊರೊಳಗೆ ಹೋದರೂ ನಾನು ಬಾಗಿಲಿದ್ದ ಜಾಗದಲ್ಲೇ ಇಳಿದು ನಡೆಯುವುದೆಂದು ನಿಶ್ಚಯಿಸಿದೆ. ಕೆಲವು ದಿನ ಹಾಗೆ ಇಳಿದೆ. ಯಾರೂ ಕೇಳಲಿಲ್ಲ. ಮೇಷ್ಟ್ರಿಗೆ ವಾಯುವಿಹಾರದ ಅಭ್ಯಾಸ ಎಂದುಕೊಂಡರೋ ಏನೋ. ಬೇಸಿಗೆಯ ಒಂದು ಮಧ್ಯಾಹ್ನ ತಿಪಟೂರಿನಿಂದ ಬರುತ್ತಿದ್ದೆ. ಕಂಡಕ್ಟರು ಹೊಸಬ. ಊರು ಹತ್ತಿರ ಬಂದಾಗ ಎದ್ದು ನಿಂತು, "ಬಾಗ್ಲತ್ರ ನಿಲ್ಸಪ್ಪ," ಎಂದೆ.

"ಯಾವ ಬಾಗ್ಲು ಸಾರ್?" ಎಂದ.

ಹೊರಗೆ ನೋಡಿದೆ. ಬಿಸಿಲು ಸುಡುತ್ತಿತ್ತು, ತಣ್ಣನೆಯ ಗಾಳಿ ಎಲ್ಲೂ ಇರಲಿಲ್ಲ. ತೋರಿಸೋಣವೆಂದರೆ ಏನೂ ಇಲ್ಲ.

"ನಮ್ಮನೆ ಬಾಗ್ಲು," ಎಂದು ಕೂತುಬಿಟ್ಟೆ. ಪುಣ್ಯಾತ್ಮ, ಮನೆ ಯಾವುದೆಂದು ಕೇಳಿಕೊಂಡು ಸರಿಯಾಗಿ ಅಲ್ಲೇ ನಿಲ್ಲಿಸಿದ.