ನದಿ ವಯಸ್ಸು ಕೇಳಾಕ ಹ್ವಾದಾಕಿ

ನಮ್ಮ ಮಂದಿ ಸಹಾಯಕ್ಕ ನಿಂತ್ರಂದ್ರ ನನ್ನ ಎದಿ ಧಸಕ್ ಅಂತೈತಿ. ನಾನು ಕಾಲೇಜಿನಾಗ ಭೂಗೋಳ ಕಲಿಸಾಕಿ. ಸಾವಿರಾರು ವರ್ಷದ ಹಿಂದ ಮಳಿ ಜೋರಾದಾಗ ನದಿ ಹೆಂಗ ಗುಂಡುಗಲ್ಲು ಹೊತ್ತು ತಂತು, ಮಳಿ ಸೋತಾಗ ಹೆಂಗ ಸಣ್ಣ ಮಣ್ಣು ಹಾಸಿತು, ಆಮ್ಯಾಲೆ ತಳ ಕೊರಕೊಂತ ಹೆಂಗ ಕೆಳಗ ಇಳೀತು, ಇದು ನನ್ನ ಪಿಎಚ್‌ಡಿ. ಆರು ವರ್ಷ ಆತು, ಮುಗದಿಲ್ಲ. ತಪ್ಪು ನಂದಲ್ಲ!

೧. ಹಾನಗಲ್ಲಿನ ಹೊಲ

ನದಿ ಎಲ್ಲೋ ಕೆಳಗ, ಹೊಲ ಎತ್ತರದಾಗ. ಆದ್ರ ಮಣ್ಣಾಗ ನುಣ್ಣನ ಹೊಳಿಗಲ್ಲು. "ಯಜಮಾನ್ರ, ಹಿಂದಕ್ಕ ನದಿ ಇಲ್ಲೇ ಹರೀತಿತ್ರಿ. ಒಂದ್ ತೆಗ್ಗು ತೋಡ್ಲೇನ್ರಿ?" ಅಂದೆ.

ಯಜಮಾನ್ರ ಮಾರಿ ಕೆಂಪಾತು. ದಡದಡ ಮನಿಗೆ ಹೋಗಿ ಹೊಲದ ಉತಾರ, ಅದ ಪಹಣಿ ಕಾಗದ, ತಂದು ನನ್ನ ಮೂಗಿನ ಮುಂದ ಹಿಡದ್ರು. "ನಮ್ಮ ಮುತ್ಯಾನ ಹೆಸರೈತಿ, ಅಪ್ಪನ ಹೆಸರೈತಿ. ನದಿ ಹೆಸರ ಎಲ್ಲೈತಿ, ತೋರಸ್ರಿ!"

೨. ಹಿರೇಕೆರೂರಿನ ಅಂಗಳ

ಉಸುಕು ಎಷ್ಟು ಕಾಲ ಕತ್ತಲಾಗ ಹುಗದಿತ್ತು ಅನ್ನೂದರ ಮ್ಯಾಲೆ ನದಿ ಹಾಸಿದ ಪದರಿನ ವಯಸ್ಸು ತಿಳೀತೈತಿ. ಬೆಳಕು ಬಿತ್ತಂದ್ರ ಮುಗೀತು, ಲೆಕ್ಕ ಅಳಿಸಿ ಹೋಗ್ತೈತಿ. ಅದಕ್ಕ ಕೊಳವಿಯಾಗ ಉಸುಕು ತುಂಬಿ, ಕರಿ ಅರಿವಿ ಸುತ್ತಿ, ನಮ್ಮ ಅಕ್ಕನ ಮನ್ಯಾಗ ಇಟ್ಟಿದ್ದೆ. ಕಾಲೇಜು ಮುಗಿಸಿ ಬರೂದ್ರಾಗ ಅಕ್ಕನ ಅತ್ತಿ ಅದನ್ನ ಬಿಚ್ಚಿ, ಅಂಗಳದಾಗ ಗೋವಿನಜೋಳದ ಬಾಜೂಕ ಬಿಸಲಿಗೆ ಹರವಿದ್ರು!

"ಅಯ್ಯ, ಏನ್ ಮಾಡಿದ್ರೀ!" ಅಂತ ಚೀರಿದೆ.

"ಹಸಿ ಇತ್ತವ್ವಾ. ಚೊಲೋ ಒಣಗ್ಲಿ ಅಂತ ಎರಡ ಸರ್ತಿ ಕೈಯಾಡ್ಸೇನಿ" ಅಂದ್ರು.

೩. ಸವಣೂರಿನ ದಂಡಿ

ಉಳದದ್ದು ಸವಣೂರ ಕಡೆ ವರದಾ ದಂಡಿ ಒಂದ. ರವಿವಾರ ಬಿಡದ ಕೆತ್ತಿ ಕೆತ್ತಿ ಅದನ್ನ ಗೋಡಿಯಂಗ ನೆಟ್ಟಗ ಮಾಡಿದ್ದೆ. ಕಲ್ಲು, ಮಣ್ಣು, ಮತ್ತ ಕಲ್ಲು, ಎಲ್ಲಾ ಪದರು ಎದ್ದು ಕಾಣ್ತಿದ್ವು. ಧಾರವಾಡದಿಂದ ಗೈಡ್ ಸರ್ ಬರೂರಿದ್ರು. ಅವರು ಹೂಂ ಅಂದ್ರ ಪಿಎಚ್‌ಡಿ, ಇಲ್ಲಾಂದ್ರ ಆರು ವರ್ಷ ನೀರಾಗ ಹೋಮ. ಬಾಜೂ ಹೊಲದ ಅಮ್ಮಗ, "ನಾಳೆ ದೊಡ್ಡವರು ಬರ್ತಾರ್ರಿ, ಯಾರಿಗೂ ಇದನ್ನ ಮುಟ್ಟಗೊಡಬ್ಯಾಡ್ರಿ" ಅಂತ ಕೈಮುಗದು ಹೇಳಿ ಬಂದೆ.

ಮರದಿನ ಸರ್‌ನ ಕರಕೊಂಡು ಇಳದ್ರ, ಮ್ಯಾಲಿಂದ ಕೆಳತನಕ ಸಗಣಿ ಸಾರಿಸೇತಿ! ಸುತ್ತ ಸುಣ್ಣದ ಗೆರಿ, ನಡುವ ರಂಗೋಲಿ. ಒಂದ ಪದರು ಕಾಣವಲ್ದು. ಸರ್ ಕನ್ನಡಕ ತಗದು ಒರಿಸಿ, ಮತ್ತ ಹಾಕ್ಕೊಂಡ್ರು.

"ಇದೇನ್ರೀ ಯವ್ವಾ! ಯಾರಿಗೂ ಮುಟ್ಟಗೊಡಬ್ಯಾಡ್ರಿ ಅಂದಿದ್ನಲ್ರಿ!"

"ಒಬ್ರಿಗೂ ಮುಟ್ಟಗೊಟ್ಟಿಲ್ರಿ ಅಕ್ಕಾರ, ನಾವ ಮಾಡೇವಿ. ದೊಡ್ಡವರ ಮುಂದ ಆ ಕಿತ್ತಗೋಡಿ ತೋರಸಾಕ ಬರ್ತೈತೇನ್ರಿ?"

ಆ ತಾಯಿಗೆ ಏನಂತ ಬೈಯ್ಯೂದು? ಸಿಟ್ಟಿಗೆ ಅಲ್ಲೇ ಕುಂತು ಅತ್ತಬಿಟ್ಟೆ.

ಅಮ್ಮ ಬಂದು ನನ್ನ ಬೆನ್ನು ಸವರಿದ್ರು. ಹೊಳಿಯಾಚಿ ಕೈಮಾಡಿ, "ಒಂದ ಬಾಜೂ ಅಷ್ಟ ಆತಂತ ಅಳ್ತಾರೇನ್ರಿ? ಆ ದಂಡೀನೂ ನಾಳೆ ಸಾರಿಸಿ ಬಿಡ್ತೇವಿ" ಅಂದ್ರು.