ಅತ್ತೆ ಬರೆದುಕೊಟ್ಟ ಹಕ್ಕುಗಳು

ಮಕ್ಕಳ ಹಕ್ಕುಗಳ ಬಗ್ಗೆ ನನ್ನ ಸೋದರತ್ತೆಯಷ್ಟು ಮಾತಾಡುವವರು ಇಡೀ ಕೊಡಗಿನಲ್ಲಿಲ್ಲ. ಮಕ್ಕಳಿಗೆ ಬಾಯಿ ತೆರೆಯಲು ಬಿಡದವರೂ ಅವರಷ್ಟು ಇನ್ನೊಬ್ಬರಿಲ್ಲ! ಸುಂಟಿಕೊಪ್ಪದ ಹತ್ತಿರದ ಒಂದು ಸಣ್ಣ ಶಾಲೆಗೆ ಅವರು ಹೆಡ್‌ಮಿಸ್. ಮನೆಗೂ ಅವರೇ ಹೆಡ್‌ಮಿಸ್ ಅನ್ನುವುದು ನಮ್ಮ ಹಣೆಬರಹ.

ಒಮ್ಮೆ ನನ್ನ ಮಗಳನ್ನು ಊಟಕ್ಕೆ ಕೂರಿಸಿ, "ಆಯ್ಕೆ ಮಾಡೋದು ನಿನ್ನ ಹಕ್ಕು. ಬದನೆಯೋ, ಹಾಗಲವೋ?" ಎಂದರು.

"ಎರಡೂ ಬೇಡ ಅಜ್ಜಿ."

"ಆ ಹಕ್ಕು ಇಲ್ಲ!"

ಕಳೆದ ನವೆಂಬರಿನಲ್ಲಿ ಮಕ್ಕಳ ಹಕ್ಕುಗಳ ದಿನವನ್ನು ಮಕ್ಕಳೇ ನಡೆಸುತ್ತಾರೆಂದು ಸಾರಿದರು. ಬ್ಯಾನರ್ ಬರೆಯಲು ಹೋದ ನಾನು ನೋಡುತ್ತೇನೆ, ಸ್ವಾಗತದಿಂದ ವಂದನಾರ್ಪಣೆಯವರೆಗೆ ಮಕ್ಕಳು ಓದಬೇಕಾದ ಎಲ್ಲವೂ ಅತ್ತೆಯ ಕೈಬರಹ! ನಡುನಡುವೆ ಕೆಂಪು ಶಾಯಿಯಲ್ಲಿ "ಇಲ್ಲಿ ಮುಗುಳ್ನಗುವುದು" ಬೇರೆ. ನನಗೆ ಉರಿದುಹೋಯಿತು.

"ಇದು ಮಕ್ಕಳ ಕಾರ್ಯಕ್ರಮವೋ, ನಿಮ್ಮದೋ?"

"ಮಕ್ಕಳದ್ದೇ ಕಣೇ. ಪಾಪ, ಯೋಚನೆ ಮಾಡೋ ಕಷ್ಟ ಅವಕ್ಕೆ ಯಾಕೆ ಅಂತ ನಾನೇ ಮಾಡಿದೆ."

ಇಂಥವರ ಹತ್ತಿರ ಏನು ಮಾತಾಡುವುದು, ಹೇಳಿ?

ಕಾರ್ಯಕ್ರಮದ ದಿನ "ಕಲಿಯುವ ಹಕ್ಕು" ಓದಲು ಎದ್ದವಳು ಏಳನೇ ಕ್ಲಾಸಿನ ಸೆಲ್ವಿ. ಕಾಫಿ ಎಸ್ಟೇಟಿನ ಕೂಲಿ ಲೈನಿನ ಹುಡುಗಿ. ಎರಡು ಸಾಲು ಓದಿ ಕಾಗದ ಮಡಚಿದಳು.

"ಮೇಡಂ, ದಿನಾ ಸ್ಕೂಲಿಗೆ ಬರ್ಬೇಕು ಅಂತ ಇದ್ರಲ್ಲಿ ಉಂಟು. ನಾನು ಹೇಗೆ ಬರೋದು? ಅಮ್ಮ ಕಾಫಿ ಪಿಕಿಂಗಿಗೆ ಹೋದ್ರೆ ತಂಗೀನ ನಾನೇ ನೋಡ್ಬೇಕು. ಮೊನ್ನೆ ಕರ್ಕೊಂಡು ಬಂದೆ. ರಿಜಿಸ್ಟರಲ್ಲಿ ಹೆಸರಿಲ್ಲದ ಮಗು ಒಳಗೆ ಬರ್ಬಾರ್ದು ಅಂತ ಗೇಟಲ್ಲೇ ವಾಪಸ್ ಕಳಿಸಿದ್ರಿ. ಇವತ್ತು ಭಾಷಣ ಅಂತ ಅಮ್ಮ ರಜೆ ಹಾಕಿದಾರೆ. ನಾಳೆಯಿಂದ ಪಿಕಿಂಗ್ ಮುಗಿಯೋವರೆಗೆ ನಾನು ಬರೋದಿಲ್ಲ."

ಅತ್ತೆ ಕನ್ನಡಕ ಸರಿಮಾಡಿಕೊಂಡರು.

"ಬರೆದದ್ದನ್ನು ಓದು."

ನಾನು ಎದ್ದುನಿಂತೆ. "ಅವಳು ಕೇಳಿದ್ದಕ್ಕೆ ಉತ್ತರ ಕೊಡಿ ಅತ್ತೆ!"

"ಅತಿಥಿಗಳು ಕೂತ್ಕೊಳ್ಬೇಕು," ಎಂದರು. ಸೆಲ್ವಿ ಉಳಿದದ್ದನ್ನು ಓದಿದಳು. "ಇಲ್ಲಿ ಮುಗುಳ್ನಗುವುದು" ಎಂಬಲ್ಲಿ ಮಾತ್ರ ನಗಲಿಲ್ಲ.

ಮೂರು ದಿನ ನಾನು ಅತ್ತೆಯ ಫೋನ್ ಎತ್ತಲಿಲ್ಲ. ಹಕ್ಕಂತೆ, ದಿನಾಚರಣೆಯಂತೆ! ನಾಲ್ಕನೆಯ ದಿನ, ಮುಖಕ್ಕೆ ಹೊಡೆದಂತೆ ಹೇಳಿಬರೋಣವೆಂದು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳಗಳನ್ನು ಜೋಡಿಸಿಕೊಂಡೆ. ಅತ್ತೆಯ ಸೋದರಸೊಸೆಯಲ್ಲವೇ, ನಾನೂ ಮೊದಲೇ ತಯಾರಿ ಮಾಡಿಕೊಳ್ಳುವವಳೇ.

ಏಳನೇ ಕ್ಲಾಸಿನ ಬಾಗಿಲಲ್ಲಿ ನನ್ನ ಕಾಲು ನಿಂತಿತು. ಅತ್ತೆ ಗಣಿತ ಪಾಠ ಮಾಡುತ್ತಿದ್ದರು. ಸೊಂಟದ ಮೇಲೆ ಎರಡು ವರ್ಷದ ಮಗು, ಮಗುವಿನ ಬಾಯಲ್ಲಿ ಆ ಕೆಂಪು ಪೆನ್ನಿನ ಮುಚ್ಚಳ! ಮೇಜಿನ ಮೇಲೆ ಹೊಸದೊಂದು ರಿಜಿಸ್ಟರ್. ಮೇಲೆ ಅದೇ ಕೈಬರಹ: "ಪಿಕಿಂಗ್ ತರಗತಿ". ಒಳಗೆ ಒಂದೇ ಹೆಸರು, ಎದುರಿಗೆ ಮೂರು ದಿನದ ಹಾಜರಿ.

"ಏನತ್ತೆ ಇದು?"

"ರೂಲ್ ಅಂದ್ರೆ ರೂಲ್. ಹೆಸರಿಲ್ಲದ ಮಗು ಒಳಗೆ ಬರೋ ಹಾಗಿಲ್ಲ. ಬರ್ಕೊಂಡೆ," ಎಂದರು, ನನ್ನ ಮುಖ ನೋಡದೆ. ಮತ್ತೆ ಮೆಲ್ಲಗೆ, "ಅವತ್ತು ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಗೊತ್ತಿರಲಿಲ್ಲ ಕಣೇ ನನಗೆ."

ಬಸ್ಸಿನಲ್ಲಿ ಜೋಡಿಸಿದ ಬೈಗುಳಗಳನ್ನೆಲ್ಲ ಬಿಟ್ಟು ಕೈ ಚಾಚಿದೆ. ಅತ್ತೆ ಮಗುವನ್ನು ನನ್ನ ಕೈಗೆ ದಾಟಿಸಿ ಬೋರ್ಡಿನ ಕಡೆ ತಿರುಗಿದರು.

"ಈ ಲೆಕ್ಕ ಯಾರು ಹೇಳ್ತೀರಿ?"

ಎರಡನೇ ಬೆಂಚಿನಲ್ಲಿ ಸೆಲ್ವಿ ಕೈಯೆತ್ತಿದಳು.